ನಮ್ಮವರ ಹಿಂದೆ ಬ್ಯಾಟರಿ ಸೈಕಲ್

ತಾರ್ನಾಕ

ಇಟಲಿಗೆ ಹೋಗಿ ಬಂದವರು ಇಗರ್ಜಿ ನೋಡಿದೆವು, ಮೂರ್ತಿ ನೋಡಿದೆವು, ವಾಲಿದ ಗೋಪುರಕ್ಕೆ ಕೈ ಆನಿಸಿದ ಹಾಗೆ ಫೋಟೋ ತೆಗೆಸಿಕೊಂಡೆವು ಎನ್ನುತ್ತಾರೆ. ನಾನು ನೋಡಿ ಬಂದದ್ದು ಬಹುಮಟ್ಟಿಗೆ ನಮ್ಮ ಯಜಮಾನರ ಬೆನ್ನು. ಹಸಿರು ಜಾಕೀಟು, ಎಡಕ್ಕೆ ತುಸು ತಗ್ಗಿದ ಭುಜ, ಕುತ್ತಿಗೆಯ ಹಿಂದೆ ಬಿಸಿಲಿಗೆ ಕಂದಿದ ಒಂದು ಪಟ್ಟಿ. ಅಷ್ಟು ದೂರ ವಿಮಾನ ಹತ್ತಿ ಹೋಗಿ ನೋಡುವಂಥದ್ದು ಅದರಲ್ಲಿ ಏನೂ ಇಲ್ಲ. ತಾರ್ನಾಕದ ಮನೆಯಲ್ಲೇ ದಿನಾ ಪುಕ್ಕಟೆ ಸಿಗುತ್ತದೆ. ಆದರೂ ಹೋದೆ. ಏಕೆಂದರೆ ಆ ಬೆನ್ನಿನ ಮುಂಭಾಗದಲ್ಲಿ ಒಂದು ಹೃದಯವಿದೆ, ಆ ಹೃದಯದಲ್ಲಿ ಒಂದು ಸ್ಟೆಂಟ್ ಇದೆ.

ನಾವು ಬಾಗಲಕೋಟೆ ಕಡೆಯವರು. ಇವರ ತಂದೆಯ ಕಾಲದಿಂದ ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಅಸ್ತರು, ಫಾಲು, ಗುಂಡಿ, ಜರಿ ಅಂಚು ಮಾರುವ ಅಂಗಡಿ ನಮ್ಮದು. ಹೋದ ವರ್ಷ ಒಂದು ಮಧ್ಯಾಹ್ನ ಗಿರಾಕಿಯ ಸೀರೆಗೆ ಮ್ಯಾಚಿಂಗ್ ಫಾಲು ಹುಡುಕುತ್ತ ನಿಂತವರು ಹಾಗೇ ಕುಸಿದರು. ಸ್ಟೆಂಟ್ ಹಾಕಿದರು, ಗುಣವಾದರು. ಗುಣವಾದವರು ಅವರು, ನಾನಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆನಲ್ಲ, ಆ ಹೊತ್ತು ನನ್ನೊಳಗಿನಿಂದ ಎದ್ದು ಹೋಗಿರಲೇ ಇಲ್ಲ. ಮನೆಗೆ ಬಂದ ಮೇಲೆ ಎಲ್ಲರೂ ಸೇರಿ ಅವರನ್ನು ಉಪ್ಪಿನಕಾಯಿ ಭರಣಿ ಮಾಡಿಬಿಟ್ಟೆವು: ಎತ್ತಬಾರದು, ಅಲುಗಿಸಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು.

ಡಾಕ್ಟರು ಮಾತ್ರ ಸೈಕಲ್ ತುಳಿಯಿರಿ ಎಂದರು. ಮನೆಯ ಪಕ್ಕದಲ್ಲೇ ಯೂನಿವರ್ಸಿಟಿ, ಒಳಗೆ ಮರಗಳ ನೆರಳಿನ ರಸ್ತೆ. ಬೆಳಗ್ಗೆ ಇವರು ಮುಂದೆ, ನಾನು ಹಿಂದೆ. ಇಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದೆ. ಒಂದು ದಿನ ಉಪ್ಪಿಟ್ಟು ತಿನ್ನುತ್ತ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಸಮುದ್ರ, ಗುಡ್ಡ, ನಡುವೆ ಖಾಲಿ ಬಿದ್ದ ರಸ್ತೆ.

“ಇಟಲಿಯೊಳಗ ಚಿಲೆಂತೊ ಅಂತ ಒಂದು ಕರಾವಳಿ ಐತಿ. ಗುಡ್ಡ ಭಾಳ, ಗಾಡಿ ಕಡಿಮಿ. ಅಲ್ಲಿ ಸೈಕಲ್ ತುಳದು ಬರಬೇಕಂತ ಮಾಡೀನಿ.”

“ಮಾಡೀವಿ ಅನ್ರಿ,” ಅಂದೆ.

“ನೀ ಯಾಕ?”

“ನಿಮ್ಮ ಗುಳಿಗಿ ಯಾರು ಹಿಡಕೊಂಡು ಬರಬೇಕು?”

ಡಾಕ್ಟರನ್ನು ಕೇಳಿದರೆ ಆತ ತೆಲುಗಿನಲ್ಲಿ ನಕ್ಕು, ಧಾರಾಳವಾಗಿ ಹೋಗಿ ಬನ್ನಿ, ದಣಿದರೆ ನಿಲ್ಲಿ, ಅಷ್ಟೇ ಎಂದರು. ಅಷ್ಟು ನಗುವ ಡಾಕ್ಟರನ್ನು ನಾನು ನಂಬುವುದಿಲ್ಲ. ಊರಿನ ಆಚೆ ತುದಿಯ ಮಣಿಕೊಂಡದಲ್ಲಿರುವ ಮಗಳು ಬಂದು ನನ್ನ ಕೈ ಹಿಡಿದು, “ಮಮ್ಮಿ, ಪಪ್ಪಾನ್ನ ಒಂದು ನಿಮಿಷನೂ ಕಣ್ಣ ಮರಿ ಆಗಾಕ ಬಿಡಬ್ಯಾಡ,” ಎಂದು ಮಾತು ತೆಗೆದುಕೊಂಡಳು. ಹೀಗೆ ನಾನು ಯುರೋಪಿಗೆ ಹೊರಟದ್ದು ಪ್ರವಾಸಿಯಾಗಿ ಅಲ್ಲ, ಪಹರೆಯವಳಾಗಿ.

ಪೆಸ್ತುಮ್

ಸೈಕಲ್ ಬಾಡಿಗೆಗೆ ಕೊಡುವವನು ನಮ್ಮಿಬ್ಬರನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ನೋಡಿ, ಬ್ಯಾಟರಿ ಹಾಕಿದ ಸೈಕಲ್ಲೊಂದನ್ನು ತಂದು ಇವರ ಮುಂದೆ ನಿಲ್ಲಿಸಿದ. ಸುಲ್ತಾನ್ ಬಜಾರಿನಲ್ಲಿ ಇಷ್ಟು ವರ್ಷ ಗಿರಾಕಿಯ ಮುಖ ನೋಡಿ ಮಾಲು ತೆಗೆದವರಿಗೆ, ತಮ್ಮ ಮುಖ ನೋಡಿ ಇನ್ನೊಬ್ಬ ಮಾಲು ತೆಗೆದದ್ದು ಸೇರಲಿಲ್ಲ. ಹ್ಯಾಂಡಲ್ ಹಿಡಿದು ಅದನ್ನು ನನ್ನ ಕಡೆಗೆ ತಳ್ಳಿದರು.

“ಇದು ಇಕಿಗೆ. ನನಗ ಸಾದಾದ್ದು ಕೊಡು.”

ಹೀಗೆ ಹೃದಯದ ಪೇಷೆಂಟು ಕಾಲಿನ ಬಲದ ಮೇಲೆ, ಕಾಯಲು ಬಂದವಳು ಬ್ಯಾಟರಿಯ ಬಲದ ಮೇಲೆ. ನಮ್ಮ ಮನೆಯಲ್ಲಿ ಎಲ್ಲ ಏರ್ಪಾಟೂ ಹೀಗೇ. ಆ ಸೈಕಲ್ಲಿಗೆ ಒಂದು ಗುಂಡಿ. ಒತ್ತಿದಷ್ಟೂ ಹಿಂದಿನಿಂದ ಯಾರೋ ದೂಡಿದ ಹಾಗೆ ಮುಂದೆ ಹೋಗುತ್ತದೆ. ಕೊನೆಯ ಮೆಟ್ಟಿಲಿಗೆ ಟರ್ಬೊ ಎಂದು ಹೆಸರು. ನಾನು ಮೊದಲ ದಿನವೇ ಟರ್ಬೊಗೆ ಇಟ್ಟು ಕೈ ತೆಗೆದೆ.

“ಬರೇ ಟರ್ಬೊ ಹಾಕಬ್ಯಾಡ. ಜಲ್ದಿ ಮುಗಿತೈತಿ ಬ್ಯಾಟರಿ.”

ನಿಮ್ಮ ಬ್ಯಾಟರಿ ನೀವು ನೋಡ್ಕೋರಿ ಎಂದು ಬಾಯಿಗೆ ಬಂತು. ನುಂಗಿಕೊಂಡೆ.

ಪೆಸ್ತುಮ್ಮಿನಲ್ಲಿ ಗ್ರೀಕರು ಕಟ್ಟಿದ ಗುಡಿಗಳಿವೆ. ಕಂಬಗಳು ಭಾರೀ. ಪಟ್ಟದಕಲ್ಲು, ಐಹೊಳೆ ಓಡಾಡಿ ಬೆಳೆದವರಿಗೆ ಹಳೆಯ ಕಲ್ಲು ಕಂಡರೆ ಅಂಥ ಮೈ ಜುಮ್ಮೆನ್ನುವುದಿಲ್ಲ. ನನಗೆ ಮೈ ಜುಮ್ಮೆಂದದ್ದು ಗುಡಿಗಳ ಆಚೆ ಎಮ್ಮೆಗಳನ್ನು ಕಂಡಾಗ. ಎಮ್ಮೆ! ಅಪ್ಪಟ ಕರೀ ಎಮ್ಮೆ, ಅದೇ ಉದಾಸೀನದ ಕಣ್ಣು. ಕೊಟ್ಟಿಗೆಯಲ್ಲಿ ಒಂದು ದುಂಡನೆಯ ಬ್ರಷ್ಷು ನೇತಾಡುತ್ತದೆ. ಎಮ್ಮೆ ಹೋಗಿ ಬೆನ್ನು ತಾಗಿಸಿದರೆ ಸಾಕು, ಅದು ತಾನೇ ತಿರುಗಿ ಬೆನ್ನು ಉಜ್ಜುತ್ತದೆ. ಒಂದು ಮುಗಿಯುವವರೆಗೆ ಇನ್ನೊಂದು ಹಿಂದೆ ಸಾಲಿನಲ್ಲಿ ನಿಂತಿತ್ತು. ಹೈದರಾಬಾದಿನಲ್ಲಿ ಮನುಷ್ಯರು ಹಾಗೆ ಸಾಲಿನಲ್ಲಿ ನಿಂತದ್ದನ್ನು ನಾನು ಕಂಡಿಲ್ಲ.

“ನೋಡಿದಿ? ಇಲ್ಲಿ ಎಮ್ಮಿಗೂ ತನ್ನ ಮನಸಿಗೆ ಬಂದಂಗ ಅಡ್ಡಾಡಾಕ ಬಿಡ್ತಾರ,” ಎಂದರು ಇವರು, ಎಮ್ಮೆಯನ್ನೇ ನೋಡುತ್ತ.

“ಎಮ್ಮಿಗೆ ಸ್ಟೆಂಟ್ ಹಾಕಿಲ್ಲರಿ.”

ಕಾಸ್ತೆಲ್ಲಾಬಾತೆಯ ದಾರಿ

ಇಲ್ಲಿಂದ ಗುಡ್ಡಗಳು ಶುರು. ಒಂದು ಕಡೆ ಆಲಿವ್ ಮರಗಳ ತೋಪು, ಇನ್ನೊಂದು ಕಡೆ ತಳದಲ್ಲೆಲ್ಲೋ ಸಮುದ್ರ. ರಸ್ತೆಯ ಮೇಲೆ ಯಾರೂ ಇಲ್ಲ. ಯಾರೂ ಇಲ್ಲದ ರಸ್ತೆ ಎಂದರೆ ನಮಗೆ ಎರಡೇ ಅರ್ಥ: ಬಂದ್ ಇರಬೇಕು, ಇಲ್ಲವೇ ಮಂತ್ರಿ ಬರುವವರಿರಬೇಕು. ಆ ನಿಶ್ಶಬ್ದಕ್ಕೆ ನನ್ನ ಕಿವಿಗಳು ಒಗ್ಗಲು ತಯಾರಿರಲಿಲ್ಲ. ಸುಮ್ಮನೆ ಗಂಟೆ ಬಾರಿಸಿಕೊಂಡು ಹೋಗುತ್ತಿದ್ದೆ.

ಒಂದು ಉದ್ದನೆಯ ಏರಿನಲ್ಲಿ ತಿರುಗಿ ನೋಡಿದರೆ, ಹಿಂದೆ ಒಂದು ಪುಟ್ಟ ಬಿಳಿ ಕಾರು. ನಮ್ಮ ವೇಗದಲ್ಲೇ ಬರುತ್ತಿದೆ. ಹಾರ್ನ್ ಇಲ್ಲ, ಲೈಟ್ ಹೊಡೆಯುವುದಿಲ್ಲ, ಬೈಯುವುದಿಲ್ಲ. ಒಂದು ತಿರುವು ದಾಟಿದೆವು, ಎರಡು ದಾಟಿದೆವು. ಕಾರು ಹಾಗೇ ಹಿಂದೆ.

ಹೈದರಾಬಾದಿನಲ್ಲಿ ಹಿಂದಿನ ಗಾಡಿಯವನು ಹಾರ್ನ್ ಹೊಡೆದರೆ ಅವನು ಸಭ್ಯ ಗೃಹಸ್ಥ, ಮನೆಗೆ ಹೊರಟಿದ್ದಾನೆ ಎಂದು ಲೆಕ್ಕ. ಹಾರ್ನ್ ಹೊಡೆಯದೆ ನಿಮ್ಮ ವೇಗದಲ್ಲೇ ಹಿಂದೆ ಬರುವವನ ಕಣ್ಣು ಸರದ ಮೇಲೆ. ನಾನು ಮಂಗಳಸೂತ್ರವನ್ನು ಜಾಕೀಟಿನ ಒಳಗೆ ತುರುಕಿ, ಇವರ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ.

“ಹಿಂದ ನೋಡಬ್ಯಾಡ್ರಿ. ಯಾವನೋ ಬೆನ್ನು ಹತ್ಯಾನ.”

ನೋಡಬೇಡಿ ಎಂದರೆ ನೋಡದವರು ಯಾರು? ತಿರುಗಿ ನೋಡಿ ಇವರೂ ಬಿಳಿಚಿಕೊಂಡರು. “ಭಾಳ ಹೊತ್ತಾತೇನು?”

“ಎರಡು ತಿರುವು ಆತು, ಬರಾಕತ್ತಾನ. ಎಡಕ್ಕ ಒಂದು ಸಂದಿ ಐತಿ, ಇಳೀರಿ.”

ತೋಪಿನೊಳಗೆ ನುಗ್ಗಿದೆವು. ನಾನು ಸೈಕಲ್ ಕೆಡವಿ ಗಾಳಿ ಹೊಡೆಯುವ ಪಂಪನ್ನು ಕೈಗೆ ತೆಗೆದುಕೊಂಡೆ. ಕಾರು ನಿಂತಿತು. ಬಾಗಿಲು ತೆರೆಯಿತು. ಇಳಿದದ್ದು ಎಂಬತ್ತರ ಆಸುಪಾಸಿನ ಮುದುಕ. ಉಣ್ಣೆಯ ಟೋಪಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನೀರಿನ ಬಾಟಲಿ. ನಾವು ಬಿದ್ದೆವೆಂದು ಆತ ಗಾಬರಿಯಾಗಿದ್ದ. ಏದುಸಿರು ಬಿಡುತ್ತಿದ್ದ ಇವರ ಎದೆಯ ಕಡೆಗೂ ಏರಿನ ಕಡೆಗೂ ಕೈ ತೋರಿಸಿ “ಪಿಯಾನೊ, ಪಿಯಾನೊ” ಎಂದ. ಮೆಲ್ಲಗೆ ಹೋಗಿ ಎನ್ನುವುದಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಆಮೇಲೆ ಅವನ ಕಣ್ಣು ನನ್ನ ಕೈಯಲ್ಲಿದ್ದ ಪಂಪಿನ ಮೇಲೆ ಬಿತ್ತು. ಟೈರಿನಲ್ಲಿ ಗಾಳಿ ಇಲ್ಲವೆಂದು ತಿಳಿದು, ಪಾಪ, ಮೊಣಕಾಲೂರಿ ಕೂತು ನನ್ನ ಎರಡೂ ಚಕ್ರ ಒತ್ತಿ ನೋಡಿದ.

ಫೋನಿನ ಅನುವಾದದಲ್ಲಿ ಮಾತಾಡಿದ ಮೇಲೆ ಗೊತ್ತಾಯಿತು: ತಿರುವುಗಳ ರಸ್ತೆ, ಸೈಕಲ್ಲಿನವರನ್ನು ದಾಟಿ ಹೋಗುವುದು ಸರಿಯಲ್ಲ, ಅದಕ್ಕೇ ಹಿಂದೆ ಬಂದೆ ಎಂದ. ಹಾರ್ನ್ ಏಕೆ ಹೊಡೆಯಲಿಲ್ಲ ಎಂದು ಇವರು ಕೇಳಿದರು. ಆತ ನಮ್ಮನ್ನು ಕನಿಕರದಿಂದ ನೋಡಿ, ಏರು ಹತ್ತುವವರಿಗೆ ಹಾರ್ನ್ ಹೊಡೆದರೆ ಅವರಿಗೆ ಅವಸರವಾಗುವುದಿಲ್ಲವೇ ಎಂದು ಮರುಪ್ರಶ್ನೆ ಹಾಕಿದ. ನಾವು ಅಫ್ಜಲ್‌ಗಂಜ್ ಸಿಗ್ನಲ್ಲನ್ನು ನೆನೆದು ಸೈಕಲ್ ಎತ್ತಿ ನಿಲ್ಲಿಸಿದೆವು. ಉಳಿದ ಏರಿನುದ್ದಕ್ಕೂ ಆತ ನಮ್ಮ ಹಿಂದೆಯೇ ಬಂದ. ಕಳ್ಳನಾಗಿದ್ದರೆ ಪರವಾಗಿಲ್ಲ, ಓಡಿ ಹೋಗಬಹುದಿತ್ತು. ಇಂಥ ಮರ್ಯಾದೆಯಿಂದ ತಪ್ಪಿಸಿಕೊಳ್ಳುವುದು ಹೇಗೆ?

ಗುಡ್ಡದ ಮೇಲಿನ ಊರು

ಆ ಊರಿನ ಹೆಸರು ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಗೆಗೆ ಹತ್ತಲಿಲ್ಲ. ಗುಡ್ಡದ ನೆತ್ತಿಗೆ ಅಂಟಿಕೊಂಡ ಕಲ್ಲಿನ ಮನೆಗಳು, ಮೆಟ್ಟಿಲುಗಳೇ ಓಣಿಗಳು. ನಾವು ಮುಟ್ಟಿದ್ದು ಊಟದ ಹೊತ್ತಿಗೆ. ಅಂಗಡಿಗಳೆಲ್ಲ ಬಂದ್. ಹಬ್ಬವಲ್ಲ, ಹರತಾಳವಲ್ಲ, ಉಂಡು ಮಲಗಿದ್ದಾರೆ. ನಮ್ಮವರ ಕಣ್ಣಿಗೆ ಒಂದು ಗುಂಡಿ-ಲೇಸಿನ ಅಂಗಡಿ ಬಿತ್ತು. ಗಾಜಿಗೆ ಹಣೆ ಹಚ್ಚಿ ಒಳಗಿನ ಡಬ್ಬಿಗಳನ್ನು ನೋಡಿದರು. ಕದ ತಟ್ಟಿದರು. ಮೇಲಿನ ಕಿಟಕಿಯಿಂದ ಬನಿಯನ್ ತೊಟ್ಟ ಒಬ್ಬ ಗಂಡಸು ಇಣುಕಿ, ಕೈಯನ್ನು ಕೆನ್ನೆಗೆ ಇಟ್ಟು ನಿದ್ದೆಯ ಸನ್ನೆ ಮಾಡಿ, ಕಿಟಕಿ ಹಾಕಿಕೊಂಡ.

“ಗಿರಾಕಿ ಬಾಗಿಲಿಗೆ ಬಂದು ನಿಂತಾನ, ಮಾಲಕ ಮಲಗಾಕ ಹೋಗ್ತಾನ! ಹಿಂಗ ಮಾಡಿದ್ರ ದುಕಾನ್ ಹೆಂಗ ನಡೀಬೇಕು?”

“ಅಂವಗ ಎದಿನೋವು ಬಂದಿಲ್ಲ ನೋಡ್ರಿ,” ಅಂದೆ. ಅಂದ ಮೇಲೆ, ಅನ್ನಬಾರದಿತ್ತು ಅನಿಸಿತು. ಅವರು ಗಾಜಿನ ಮೇಲೆ ಬಿದ್ದಿದ್ದ ತಮ್ಮ ಹಣೆಯ ಗುರುತನ್ನು ತೋಳಿನಿಂದ ಒರೆಸಿ ನಡೆದರು.

ನಾವು ಉಳಿದ ಮನೆಯ ಒಡತಿ ಕಾರ್ಮೆಲಾ. ಸಂಜೆಯಾದದ್ದೇ ತಡ, ಕಿಟಕಿಯಲ್ಲಿ ಅರ್ಧ ಮೈ ಹೊರಹಾಕಿ, “ಜೆರಾರ್ದೊ! ಜೆರಾರ್ದೋ!” ಎಂದು ಊರೆಲ್ಲ ಕೇಳುವಂತೆ ಕೂಗಿದಳು. ಯಾವುದೋ ನಾಯಿಯನ್ನು ಕರೆಯುತ್ತಿದ್ದಾಳೆ ಅಂದುಕೊಂಡೆ. ಗಂಡನಂತೆ. ಎದುರು ಮನೆಯವಳೂ ಶುರು ಮಾಡಿದಳು, ಮೂಲೆಯ ಮನೆಯವಳೂ ಶುರು ಮಾಡಿದಳು. ಆ ಹೊತ್ತಿಗೆ ಓಣಿಯ ತುಂಬ ಗಂಡಂದಿರ ಹೆಸರುಗಳು. ಒಬ್ಬೊಬ್ಬನೇ ಇಸ್ಪೀಟು ಬಿಟ್ಟು ಎದ್ದು ಬಂದ.

ಇದನ್ನು ಓದುವ ಹೊಸ ಕಾಲದ ಹುಡುಗಿಯರಿಗೆ ಹೇಳಬೇಕು: ನಾವು ಗಂಡನ ಹೆಸರು ಹೇಳುವವರಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅವ್ವ ಹೇಳಿಕೊಟ್ಟಿದ್ದಳು. ಮದುವೆಯಲ್ಲಿ ಹೆಂಗಸರು ಬಿಡದೆ ಒತ್ತಾಯ ಮಾಡಿದಾಗ, ಬೆಳ್ಳಿ ಬಟ್ಟಲು, ಮಲ್ಲಿಗೆ ಮಾಲೆ ಎಂದು ಒಡಪು ಕಟ್ಟಿ ಅದರೊಳಗೆ ಸುತ್ತಿ ಒಮ್ಮೆ ಹೇಳಿದ್ದೆ; ಆಮೇಲೆ ಇಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಪೇಷೆಂಟಿನ ಹೆಸರೇನು ಎಂದು ಕೇಳಿದಾಗಲೂ ನಾಲಗೆ ಏಳಲಿಲ್ಲ, ಆಧಾರ್ ಕಾರ್ಡ್ ಮುಂದೆ ಇಟ್ಟೆ. ಓದಿದವಳು ನಾನು, ಬಿ.ಎಸ್ಸಿ. ನಂಬಿಕೆ ಎಂದೇನಲ್ಲ. ಆದರೆ ಆಯುಷ್ಯದ ವಿಷಯದಲ್ಲಿ ಪರೀಕ್ಷೆ ಮಾಡಿ ನೋಡಲು ಯಾರಿಗೆ ಧೈರ್ಯವಿದೆ?

ಇವರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. “ನೋಡು, ಹೆಂಗ ಹೆಸರು ಹಿಡದು ಕರೀತಾಳ. ಆ ಜೆರಾರ್ದೊ ಹೆಂಗ ಅದಾನ, ಗುಂಡಕಲ್ಲ ಇದ್ದಂಗ. ಆಯುಷ್ಯ ಏನರ ಕಡಿಮಿ ಆಗೇತೇನು?”

“ಅವರ ದೇವರು ಬ್ಯಾರೆ ಅದಾನ್ರಿ,” ಎಂದು ಮಾತು ಮುಗಿಸಿದೆ.

ಸಮುದ್ರದ ಕಡೆಗೆ

ಕೊನೆಯ ದಿನದ ದಾರಿ ಒಂದು ದೊಡ್ಡ ಗುಡ್ಡ ಹತ್ತಿ, ಆಚೆಗೆ ಸಮುದ್ರದವರೆಗೂ ಇಳಿಯುವುದು. ಏರು ಇಷ್ಟು ದಿನ ಹತ್ತಿದ್ದೆಲ್ಲದಕ್ಕಿಂತ ಕಡಿದು. ನಾನು ಬೆಳಗ್ಗೆಯೇ ಹೇಳಿದೆ, ಬಸ್ಸು ಇದೆಯಂತೆ, ಸೈಕಲ್ ಮೇಲೆ ಹಾಕಿಕೊಂಡು ಹೋಗೋಣ. ಅವರು ಬೂಟಿನ ಲೇಸು ಕಟ್ಟಿದರು. ಅವರ ಗುಳಿಗೆ, ನಾಲಗೆ ಕೆಳಗೆ ಇಟ್ಟುಕೊಳ್ಳುವ ಎಮರ್ಜೆನ್ಸಿ ಗುಳಿಗೆ, ಫೋನು, ನೀರು, ಎಲ್ಲ ನನ್ನ ಚೀಲದಲ್ಲಿ, ಅವರಿಗೆ ಭಾರವಾಗಬಾರದೆಂದು. ಟರ್ಬೊ ಹಾಕಿ ಬೆನ್ನು ಹತ್ತಿದೆ.

ಅವರು ಅವತ್ತು ಬೇರೆಯೇ ಆಗಿದ್ದರು. ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಒಂದೇ ಲಯದಲ್ಲಿ ತುಳಿಯುತ್ತ ಹೋದರು. ನಾನೂ ಅಂಟಿಕೊಂಡು ಹೋದೆ. ನಡು ಏರಿನಲ್ಲಿ ನನ್ನ ಸೈಕಲ್ಲು ಒಮ್ಮೆ ಹೂಂಗುಟ್ಟಿತು, ಮುಂದಿನ ಪುಟ್ಟ ಪರದೆ ಕಪ್ಪಾಯಿತು. ಬ್ಯಾಟರಿ ಖತಂ. ಬ್ಯಾಟರಿ ಇಲ್ಲದ ಬ್ಯಾಟರಿ ಸೈಕಲ್ ಎಂದರೆ ಮನೆಯ ಕಬ್ಬಿಣದ ಬೀರು. ತುಳಿದರೂ ಅಷ್ಟೇ, ದೂಡಿದರೂ ಅಷ್ಟೇ. ತಲೆ ಎತ್ತಿ ನೋಡುವಷ್ಟರಲ್ಲಿ ಅವರು ತಿರುವಿನಲ್ಲಿ ಮರೆಯಾಗಿದ್ದರು.

“ಏನ್ರೀ!” ಎಂದು ಕೂಗಿದೆ. ಇಲ್ಲ. “ರೀ... ಕೇಳ್ರಿ ಇಲ್ಲಿ!” ಗುಡ್ಡ ನನ್ನ ರೀ-ಯನ್ನು ನನಗೇ ವಾಪಸು ಕೊಟ್ಟಿತು. ಕೆಳಗೆಲ್ಲೋ ಒಂದು ನಾಯಿ ಬೊಗಳಿತು. ಫೋನ್ ಮಾಡೋಣವೆಂದು ಚೀಲಕ್ಕೆ ಕೈ ಹಾಕಿದರೆ ಅವರ ಫೋನೂ ನನ್ನ ಕೈಗೇ ಬಂತು. ಅದರ ಪಕ್ಕದಲ್ಲೇ ಗುಳಿಗೆಯ ಡಬ್ಬಿ. ಆಗ ನನ್ನ ಬುದ್ಧಿಗೆ ಹೊಳೆಯಿತು: ಅವರನ್ನು ಕಾಯುತ್ತೇನೆಂದು ಬಂದವಳು ಅವರನ್ನು ಉಳಿಸುವಂಥದ್ದೆಲ್ಲವನ್ನೂ ಅವರಿಂದ ಕಿತ್ತು ನನ್ನ ಹೆಗಲಿಗೆ ಹಾಕಿಕೊಂಡಿದ್ದೆ. ಮೇಲೆ ಅವರು ಕುಸಿದಿದ್ದರೆ?

ಸೈಕಲ್ಲನ್ನು ಅಲ್ಲೇ ಕೆಡವಿ ಓಡಿದೆ. ಓಡುವುದು ಎಷ್ಟು ದೂರ? ಉಸಿರು ಕಟ್ಟಿತು. ಆಗ ಕೂಗಿದೆ. ಹೆಸರು ಹಿಡಿದೇ ಕೂಗಿದೆ. ಒಡಪಿಲ್ಲ, ಬೆಳ್ಳಿ ಬಟ್ಟಲಿಲ್ಲ, ಬರೀ ಹೆಸರು. ಮೊದಲ ಸಲ ಗಂಟಲಿನಲ್ಲೇ ಮುರಿಯಿತು. ಎರಡನೆಯ ಸಲ ಕಾರ್ಮೆಲಾಳನ್ನೂ ಮೀರಿಸಿದೆ.

ಮೇಲಿನಿಂದ ಚಕ್ರದ ಸದ್ದು ಬಂತು. ತಿರುವಿನಲ್ಲಿ ಅವರು ಕಾಣಿಸಿದರು. ನಾನು ಜನ್ಮದಲ್ಲಿ ಒಪ್ಪದಷ್ಟು ಜೋರಾಗಿ ಇಳಿದು ಬಂದು, ಸೈಕಲ್ಲನ್ನು ಎಸೆದು, ನನ್ನ ಎರಡೂ ರಟ್ಟೆ ಹಿಡಿದರು. ಮುಖದಲ್ಲಿ ರಕ್ತವಿರಲಿಲ್ಲ.

“ಏನಾತು? ಬಿದ್ದೇನು? ಮಗಳಿಗೇನರ...? ಫೋನ್ ಬಂತೇನು?”

“ಬ್ಯಾಟರಿ ಮುಗೀತು.”

ಅವರು ನನ್ನನ್ನು ನೋಡಿದರು. “ಬ್ಯಾಟರಿ ಮುಗೀತಂತ ನನ್ನ ಹೆಸರು ಹಿಡದು ಕರದಿ?”

“ನೀವು ಕಾಣವಲ್ದಂಗ ಆದ್ರಿ. ಗುಳಿಗಿ ನನ್ನ ಹಂತ್ಯಾಕ ಇತ್ತು.”

ಅವರು ರಸ್ತೆಯಲ್ಲೇ ಕುಕ್ಕರಿಸಿದರು. ನಾನು ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದೆ. ಏರಿ, ಇಳಿದು, ಹೆದರಿ ಬಂದವರ ನಾಡಿ. ಹೊಡೆದುಕೊಳ್ಳುತ್ತಿತ್ತು, ಆದರೆ ಒಂದೇ ಸಮ. ಬರಬರುತ್ತ ಶಾಂತವಾಯಿತು. ನನ್ನದು ಮಾತ್ರ ಆಗಲಿಲ್ಲ.

“ನಾ ತುದಿ ಮುಟ್ಟಿದ್ದೆ,” ಎಂದರು. “ಹೆಸರು ಕೇಳಿಸ್ತು ನೋಡು... ಮುಗೀತು, ಇಕಿಗೇನೋ ಆತು ಅಂದ್ಕೊಂಡೆ. ಇಕಿ ಸುಮ್ಕ ಕರಿಯಾಕಿ ಅಲ್ಲ. ಆಸ್ಪತ್ರ್ಯಾಗ ಮಲಗಿದಾಗ ಸೈತ ನಾ ಇಷ್ಟು ಹೆದರಿದ್ದಿಲ್ಲ.”

ನಾನು ಇನ್ನೂ ಹಿಡಿದೇ ಇದ್ದ ತಮ್ಮ ಮಣಿಕಟ್ಟನ್ನು ನೋಡಿ ಕೇಳಿದರು:

“ನೀ ದಿನಾ ಹಿಂಗ ಹೆದರ್ತೀ ಏನು?”

“ಹೂಂ.”

ಇಷ್ಟನ್ನು ಹೇಳಲು ಒಂದು ವರ್ಷ ಬೇಕಾಗಿತ್ತು ನನಗೆ. ಹೇಳಿದ ಮೇಲೆ ಅಳು ಬಂತು, ಅತ್ತೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟು, “ಇಂಥಾದ್ದ ಹೊತ್ಕೊಂಡು ಇಲ್ಲೀಮಟಾ ಬಂದೇನ ಹುಚ್ಚಿ,” ಎಂದರು. ಆಮೇಲೆ ನಾನು ಕೆಳಗೆ ಬಿಟ್ಟು ಬಂದಿದ್ದ ಸೈಕಲ್ಲನ್ನು ತಾವೇ ದೂಡಲು ಹೋದರು. ಅದೊಂದು ಬೇಡವೆಂದೆ. ಚೀಲ ಬಿಚ್ಚಿ ಗುಳಿಗೆಯ ಡಬ್ಬಿ, ಫೋನು ಎರಡನ್ನೂ ಅವರ ಜಾಕೀಟಿನ ಜೇಬಿಗೆ ಹಾಕಿ ಜಿಪ್ ಎಳೆದೆ.

“ನೀವು ನಡೀರಿ ಮುಂದ. ನಾ ದೂಡಿಕೋತ ಬರ್ತೀನಿ.”

“ಒಬ್ಬನ?”

“ಹೂಂ. ಹೋಗ್ರಿ ಅಂದ್ರ ಹೋಗ್ರಿ.”

ಅವರು ನನ್ನ ಮುಖವನ್ನೊಮ್ಮೆ ನೋಡಿ ಸೈಕಲ್ ಹತ್ತಿದರು. ತಿರುವು ದಾಟಿದರು. ಬಾಯಿಯವರೆಗೆ ಬಂದ “ಏನ್ರೀ”ಯನ್ನು ಹಲ್ಲು ಕಚ್ಚಿ ತಡೆದು, ಬೀರುವನ್ನು ದೂಡತೊಡಗಿದೆ. ಮೇಲೆ ಕಾದು ಕೂತಿರುತ್ತಾರೆ, ನೀರು ಕೇಳುತ್ತಾರೆ, ಕೂಡಿ ಇಳಿಯೋಣ ಎಂದುಕೊಂಡು ಹೆಜ್ಜೆ ಹೆಜ್ಜೆಗೂ ನಿಂತು ಏರಿದೆ.

ತುದಿಯಲ್ಲಿ ಯಾರೂ ಇರಲಿಲ್ಲ. ಕೆಳಗೆ ನೋಡಿದರೆ ಸುತ್ತಿ ಸುತ್ತಿ ಇಳಿಯುವ ರಸ್ತೆಯ ಕೊನೆಯಲ್ಲಿ, ಸಮುದ್ರಕ್ಕೆ ಇನ್ನೇನು ಸ್ವಲ್ಪ ಇದೆ ಎನ್ನುವಲ್ಲಿ, ಕಾಲುಗಳನ್ನು ಪೆಡಲಿನಿಂದ ಎತ್ತಿ ಅಗಲಕ್ಕೆ ಚಾಚಿಕೊಂಡು ಹೋಗುತ್ತಿದ್ದರು ಮಹಾರಾಯರು. ಹೆಂಡತಿ ಹಿಂದೆ ಇದ್ದಾಳೆ, ಏದುಸಿರು ಬಿಡುತ್ತ ಬರುತ್ತಿದ್ದಾಳೆ, ಒಂದು ಕ್ಷಣ ನಿಲ್ಲಬೇಕು ಎಂದು ಬೇಡವೇ? ಹೋಗ್ರಿ ಅಂದ ಮಾತ್ರಕ್ಕೆ ಹೋಗಿಯೇಬಿಡುವುದೇ? ನನಗೆ ಸಿಟ್ಟು ನೆತ್ತಿಗೇರಿತು. ಗುಡ್ಡದ ತುದಿಯಲ್ಲಿ ಒಬ್ಬಳೇ ನಿಂತು ಬಾಯಿಗೆ ಬಂದಂತೆ ಬೈದೆ. ಇವರ ಎದೆಗೆ ಆಗದೆಂದು ಒಂದು ವರ್ಷದಿಂದ ನಾನು ಬಂದ್ ಮಾಡಿದ್ದ ಸಿಟ್ಟು ಅದು. ಮದುವೆಯಾದಾಗಿನಿಂದ ದಿನಾ ಬರುತ್ತಿದ್ದ ನನ್ನ ಹಳೆಯ ಸಿಟ್ಟು. ಎಷ್ಟು ಆರಾಮ ಅನ್ನಿಸಿತು ಅಂದರೆ, ಬೈದು ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಬೈದೆ.